ಒಬ್ಬರೇ ಆಡುವಾಗ ಕೆಲಸ ಹೇಳುವ ಪಾತ್ರವನ್ನು ಹೀಗೆ ಕಟ್ಟಿ

ಸೋಲೋ ರೋಲ್‌ಪ್ಲೇಯಿಂಗ್, ಅಂದರೆ ಒಬ್ಬರೇ ಕೂತು ಒಂದು ಪಾತ್ರವಾಗಿ ಕಥೆ ಕಟ್ಟುತ್ತಾ ಹೋಗುವ ಆಟ, ಆಡುವವರಿಗೆ ಒಂದು ಮಾತು. ಕಥೆ ನಡೆಸಿಕೊಡುವ ಗೇಮ್ ಮಾಸ್ಟರ್ ಇಲ್ಲದ ಆಟದಲ್ಲಿ ಕಥೆ ಎರಡನೇ ದಿನಕ್ಕೇ ಸೊರಗುತ್ತದೆ, ಅಲ್ವಾ? ನಿಮಗೆ ಕೆಲಸ ಹೇಳಲು ಪ್ರತಿ ಸಲವೂ ಹೊಸ ಪಾತ್ರ ತರಬೇಡಿ. ಮತ್ತೆ ಮತ್ತೆ ಹೋಗಿ ಮಾತಾಡಿಸುವಂಥ ಒಬ್ಬರನ್ನೇ ಇಟ್ಟುಕೊಳ್ಳಿ.

ನಾನು ಕೋಲಾರದವನು, ಅದಕ್ಕೇ ನನ್ನ ಪಾತ್ರ ಕೆಜಿಎಫ್‌ನ ಒಬ್ಬ ಅಜ್ಜಿ. 2001ರಲ್ಲಿ ಗಣಿ ಮುಚ್ಚಿತು, 3 ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿತು, ಆಕೆಯ ಗಂಡ ಕೆಳಗೆ ಏನೋ ಬಿಟ್ಟುಬಂದಿದ್ದ, ಅದು ಆಕೆಗೆ ಬೇಕು, ಆದರೆ ಮಂಡಿನೋವು, ಇಳಿಯಲು ಆಗುವುದಿಲ್ಲ. ಏನು ಬೇಕು, ತಾನೇ ಯಾಕೆ ಮಾಡಲಾರಳು, ಇವೆರಡು ಗೊತ್ತಿದ್ದರೆ ಕೆಲಸಗಳು ತಾವಾಗೇ ಹುಟ್ಟುತ್ತವೆ.

ಆ ಪಾತ್ರ ಮುಚ್ಚಿಡುವ ಗುಟ್ಟನ್ನು ಮಾತ್ರ ದಯವಿಟ್ಟು ಮೊದಲೇ ತೀರ್ಮಾನಿಸಬೇಡಿ. ಗಂಡ ಬದುಕಿದ್ದಾನೆ, ಚಿನ್ನ ಕದ್ದದ್ದು ಆಕೆಯೇ, ಹೀಗೆ ಆರು ಸಾಧ್ಯತೆ ಬರೆದಿಡಿ. ಮೂರನೇ ಭೇಟಿಯಲ್ಲಿ ಆರು ಮುಖದ ದಾಳ ಉರುಳಿಸಿ. ಅಲ್ಲಿಯವರೆಗೆ ನಿಮಗೇ ಗೊತ್ತಿಲ್ಲದ್ದನ್ನು ಆಕೆ ಮುಚ್ಚಿಡುತ್ತಿರುತ್ತಾಳೆ, ಆ ಮಜಾನೇ ಬೇರೆ!

ಕೆಲಸ ಮುಗಿಸಿ ಬಂದಾಗ ಸುಮ್ನೆ ದುಡ್ಡು ಇಸ್ಕೊಂಡು ಹೋಗಬೇಡಿ, ನಂಬಿಕೆ ಜಾಸ್ತಿ ಆಯಿತೋ ಕಮ್ಮಿ ಆಯಿತೋ ಒಂದು ಸಾಲು ಬರೆಯಿರಿ. ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತಿದ್ದ ಅಜ್ಜಿ ಈಗ ಒಳಗೆ ಕರೆದು ಕಾಫಿ ಕೊಡುತ್ತಾಳೆ.