ಕಲಬುರಗಿ ಭಾಗದಿಂದ ನೆಟ್‌ವರ್ಕ್ ಎಂಜಿನಿಯರ್ ಆಗುವವರಿಗೆ: ದೋಷ ಹುಡುಕುವ ಕ್ರಮದಿಂದ ಆರಂಭಿಸಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿ ನೆಟ್‌ವರ್ಕಿಂಗ್ ಕ್ಷೇತ್ರಕ್ಕೆ ಬರಬಯಸುವ ಹುಡುಗ ಹುಡುಗಿಯರು ಮೊದಲು ಕೇಳುವುದು, ಯಾವ ಸರ್ಟಿಫಿಕೇಟ್ ಮಾಡಿದರೆ ಬೇಗ ಕೆಲಸ ಸಿಗುತ್ತದೆ ಎಂದು. ಅದನ್ನು ಸ್ವಲ್ಪ ಮುಂದಕ್ಕೆ ಹಾಕಿ. ನೆಟ್‌ವರ್ಕ್ ನಿಂತಾಗ ಎಲ್ಲಿಂದ ನೋಡಲು ಆರಂಭಿಸಬೇಕು, ಒಂದೊಂದನ್ನೂ ಹೇಗೆ ಖಚಿತಪಡಿಸಿಕೊಳ್ಳಬೇಕು, ದೋಷ ಇಲ್ಲಿಯೇ ಇತ್ತು ಎಂದು ಇನ್ನೊಬ್ಬರಿಗೆ ಹೇಗೆ ತೋರಿಸಿಕೊಡಬೇಕು ಎಂಬುದನ್ನು ಕಲಿತವರಿಗೆ ಉಪಕರಣಗಳು ಎಷ್ಟು ಬದಲಾದರೂ ಕೆಲಸ ತಪ್ಪುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಅದನ್ನು ಕಲಿಯುವ ಅವಕಾಶ ನಮ್ಮ ಊರುಗಳಲ್ಲೇ ಇದೆ.

ಇಲ್ಲಿ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಬ್ರಾಡ್‌ಬ್ಯಾಂಡ್ ಕೊಡುವ ಸ್ಥಳೀಯ ಸಂಸ್ಥೆಗಳಲ್ಲಿ, ಆಸ್ಪತ್ರೆ ಮತ್ತು ಕಾಲೇಜುಗಳ ಕಂಪ್ಯೂಟರ್ ವಿಭಾಗಗಳಲ್ಲಿ, ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಇಲ್ಲವೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್‌ನಂಥ ಯೋಜನೆಗಳ ಗುತ್ತಿಗೆ ಹಿಡಿದವರ ಬಳಿ. ಇದನ್ನು ಬರೀ ಫೀಲ್ಡ್ ಕೆಲಸ ಎಂದು ಹಗುರವಾಗಿ ಕಾಣುವವರಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಮನೆಮನೆಗೆ ಬರುವ ಜಿಪಾನ್ ಫೈಬರ್, ಅಂದರೆ ಒಂದೇ ಫೈಬರ್ ಅನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಸಂಸ್ಥೆಯ ಕಚೇರಿಯಲ್ಲಿರುವ ಓಎಲ್‌ಟಿ ಎಂಬ ಉಪಕರಣದಿಂದ ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಮನೆಯಲ್ಲಿರುವ ಓಎನ್‌ಟಿ ಪೆಟ್ಟಿಗೆಯಿಂದ ಹೋಗುವ ಬೆಳಕಿನದು 1310 ನ್ಯಾನೋಮೀಟರ್. ಸಾಮಾನ್ಯವಾಗಿ ಬಳಸುವ ಬಿ ಪ್ಲಸ್ ದರ್ಜೆಯ ಉಪಕರಣಗಳಲ್ಲಿ ಓಎನ್‌ಟಿಗೆ ಬರುವ ಬೆಳಕು ಮೈನಸ್ 27 ಡಿಬಿಎಂಗಿಂತ (ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ) ಕೆಳಗೆ ಇಳಿಯಬಾರದು. ಪ್ರತಿ 3 ಡಿಬಿ ನಷ್ಟಕ್ಕೆ ಬೆಳಕು ಅರ್ಧವಾಗುತ್ತದೆ. ಬೆಳಕನ್ನು ಎಂಟು ದಾರಿಗೆ ಹಂಚುವ 1:8 ಸ್ಪ್ಲಿಟರ್ ಒಂದೇ ಸುಮಾರು 10 ಡಿಬಿ ತಿನ್ನುತ್ತದೆ, 1:32 ಆದರೆ ಸುಮಾರು 17. ಹೋದ ತಿಂಗಳು ಮೈನಸ್ 20 ಇದ್ದ ಮನೆಯಲ್ಲಿ ಇಂದು ಮೈನಸ್ 26 ಬಂದರೆ, ಗ್ರಾಹಕರ ಇಂಟರ್ನೆಟ್ ಸದ್ಯಕ್ಕೆ ನಡೆಯುತ್ತಿದ್ದರೂ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿದಿದೆ ಎಂದು ಅರ್ಥ; ಕನೆಕ್ಟರ್‌ಗೆ ದೂಳು ಕೂತಿದೆ, ಇಲ್ಲವೆ ಫೈಬರ್ ಎಲ್ಲೋ ಮಡಚಿಕೊಂಡಿದೆ. ಮೊದಲು ಕನೆಕ್ಟರ್ ಒರೆಸಿ ಮತ್ತೆ ಅಳೆಯಿರಿ, ಆಮೇಲೆ ಕೇಬಲ್ ಬದಲಿಸುವ ಮಾತು. ಫೈಬರ್ ತುದಿಯನ್ನು ಮಾತ್ರ ಎಂದೂ ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು. ಮೀಟರ್ ಹಿಡಿದು ಇಂಥ ಲೆಕ್ಕ ಹಾಕಬಲ್ಲವರು ಮುಂದೆ ಯಾವ ಡೇಟಾ ಸೆಂಟರ್‌ಗೆ ಹೋದರೂ ತಡವರಿಸುವುದಿಲ್ಲ.

ಬಿಸಿಲು ಮತ್ತು ಕರೆಂಟ್ ಕೂಡ ನಮ್ಮ ಭಾಗದ ಪಾಠಗಳೇ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವಾಗ ಮಾಳಿಗೆಯ ಮೇಲಿನ ಪೆಟ್ಟಿಗೆಯೊಳಗಿನ ಸ್ವಿಚ್ ಮಧ್ಯಾಹ್ನ ಮಾತ್ರ ಕೈಕೊಡುತ್ತಿದ್ದರೆ, ಕಾನ್ಫಿಗರೇಶನ್ ಮುಟ್ಟುವ ಮೊದಲು ಅದರ ತಾಪ, ಯುಪಿಎಸ್ ಬ್ಯಾಟರಿ ಮತ್ತು ಅರ್ಥಿಂಗ್ ನೋಡಿ. ಉಪಕರಣ ಎಷ್ಟು ಹೊತ್ತಿನಿಂದ ಸತತವಾಗಿ ಚಾಲೂ ಇದೆ ಎಂಬ ಅಪ್‌ಟೈಮ್ ಅಂಕಿ ಅರ್ಧ ವಿಷಯ ಹೇಳಿಬಿಡುತ್ತದೆ.

ಈಗ ಕ್ರಮದ ವಿಷಯ. ಅಫಜಲಪುರದ ಒಂದು ಕ್ಲಿನಿಕ್‌ನಿಂದ "ನೆಟ್ ಬರವಲ್ದು ನೋಡ್ರಿ" ಎಂದು ಫೋನ್ ಬಂತು ಎಂದುಕೊಳ್ಳಿ. ಒಬ್ಬರಿಗೋ ಎಲ್ಲರಿಗೋ, ಯಾವಾಗಿನಿಂದ, ವೈಫೈಯಲ್ಲಿ ಮಾತ್ರವೋ ಕೇಬಲ್‌ನಲ್ಲೂ ಹೌದೋ ಎಂದು ಮೊದಲು ಕೇಳಿ. ನಂತರ ಕೆಳಗಿನಿಂದ ಮೇಲಕ್ಕೆ ಹೋಗಿ: ಬೆಳಕು ಇದೆಯೇ, ಪೋರ್ಟ್ ಅಪ್ ಆಗಿದೆಯೇ, ಕಂಪ್ಯೂಟರ್‌ಗೆ ಐಪಿ ವಿಳಾಸ ಸಿಕ್ಕಿದೆಯೇ. ವಿಳಾಸ 169.254ರಿಂದ ಆರಂಭವಾಗಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಅಲ್ಲೇ ನಿಲ್ಲಿ. ವಿಳಾಸ ಸರಿಯಿದ್ದರೆ ಗೇಟ್‌ವೇಗೆ, ಅಂದರೆ ಹೊರಗೆ ದಾರಿ ಕೊಡುವ ರೌಟರ್‌ಗೆ, ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್), ಅದಾದ ಮೇಲೆ ಹೊರಗಿನ ಒಂದು ವಿಳಾಸಕ್ಕೆ ಪಿಂಗ್; ಅಂಕಿಯ ವಿಳಾಸಕ್ಕೆ ಪಿಂಗ್ ಹೋಗಿ ಹೆಸರಿಗೆ ಹೋಗದಿದ್ದರೆ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ನೋಡಬೇಕು. ಇವೆಲ್ಲ ಸರಿಯಿದ್ದೂ ಕೆಲವು ವೆಬ್‌ಸೈಟ್‌ಗಳು ತೆರೆದು ಕೆಲವು ಅರ್ಧಕ್ಕೆ ನಿಂತರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯಾದ ಎಂಟಿಯು ಮೇಲೆ ಸಂಶಯವಿಡಿ. ಈಥರ್ನೆಟ್‌ನ ಮಿತಿ 1500 ಬೈಟ್. ಬ್ರಾಡ್‌ಬ್ಯಾಂಡ್ ಲಾಗಿನ್‌ಗೆ ಬಳಸುವ ಪಿಪಿಪಿಒಇ 8 ಬೈಟ್ ತೆಗೆದುಕೊಳ್ಳುವುದರಿಂದ ಉಳಿಯುವುದು 1492. ಪ್ಯಾಕೆಟ್ ತುಂಡಾಗಬಾರದು ಎಂಬ ಗುರುತು ಹಾಕಿ ಕಂಪ್ಯೂಟರ್‌ನಿಂದ ಪಿಂಗ್ ಮಾಡಿದಾಗ 1464 ಬೈಟ್ ಹೋಗಿ 1472 ಹೋಗದಿದ್ದರೆ ಕಾರಣ ಸಿಕ್ಕಂತೆಯೇ, ಏಕೆಂದರೆ ಐಪಿ ಮತ್ತು ಐಸಿಎಂಪಿ ಹೆಡರ್‌ಗಳಿಗೆ 28 ಬೈಟ್ ಹೋಗುತ್ತದೆ. ಇದನ್ನು ತಿಳಿಯದವರು ರೌಟರ್ ಆಫ್ ಮಾಡಿ ಆನ್ ಮಾಡುತ್ತಾ ಇಡೀ ದಿನ ಕಳೆಯುತ್ತಾರೆ.

ಮಾಡಿದ್ದನ್ನು ಬರೆದಿಡಿ. ದೂರು ಏನು, ಏನನ್ನು ಅಳೆದಿರಿ, ಅಂಕಿ ಎಷ್ಟು ಬಂತು, ಏನು ಬದಲಿಸಿದಿರಿ, ಬದಲಿಸಿದ ಮೇಲೆ ಅಂಕಿ ಎಷ್ಟಾಯಿತು ಎಂಬ ಐದು ಸಾಲು ಸಾಕು, ಆದರೆ ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ, ಏಕೆಂದರೆ ಮುಂದೆ ದೊಡ್ಡ ಕಂಪನಿಗಳಲ್ಲಿ ಟಿಕೆಟ್ ಬರೆಯುವುದು ಆ ಭಾಷೆಯಲ್ಲೇ. ಯಾವುದನ್ನಾದರೂ ಬದಲಿಸುವ ಮೊದಲು ಹಳೆಯ ಕಾನ್ಫಿಗರೇಶನ್ ಉಳಿಸಿಕೊಂಡು, ಹಿಂದಕ್ಕೆ ಬರುವ ದಾರಿಯನ್ನೂ ಬರೆದುಕೊಳ್ಳಿ. ಕಲಬುರಗಿಯಲ್ಲಿ ಕುಳಿತು ಜೇವರ್ಗಿಯ ರೌಟರ್ ಮುಟ್ಟುವಾಗ ಇದು ಇನ್ನೂ ಮುಖ್ಯ. ಸಿಸ್ಕೋದಲ್ಲಿ 'ರಿಲೋಡ್ ಇನ್ 10' (ಹತ್ತು ನಿಮಿಷದ ನಂತರ ತಾನೇ ರೀಸ್ಟಾರ್ಟ್ ಆಗು) ಕೊಟ್ಟು ಕೆಲಸ ಆರಂಭಿಸಿ, ಬದಲಾವಣೆಯನ್ನು ಸೇವ್ ಮಾಡದೆ ಪರೀಕ್ಷಿಸಿ, ಸರಿಯಿದ್ದರೆ ರಿಲೋಡ್ ರದ್ದುಮಾಡಿ; ಸಂಪರ್ಕ ಕಡಿದರೆ ರೌಟರ್ ತಾನೇ ಹಳೆಯ ಕಾನ್ಫಿಗರೇಶನ್‌ಗೆ ಮರಳುತ್ತದೆ. ಜುನಿಪರ್‌ನಲ್ಲಿ 'ಕಮಿಟ್ ಕನ್ಫರ್ಮ್ಡ್', ಮೈಕ್ರೋಟಿಕ್‌ನಲ್ಲಿ 'ಸೇಫ್ ಮೋಡ್' ಇದೇ ರಕ್ಷಣೆ ಕೊಡುತ್ತವೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ: 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತದ್ದು ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್‌ನಿಂದ. ಬೆನ್ನೆಲುಬಿನ ಜಾಲ ಕಡಿದುಹೋಗಿ, ಡಿಎನ್‌ಎಸ್ ಸರ್ವರ್‌ಗಳು ತಮ್ಮನ್ನು ತಲುಪುವ ದಾರಿಯನ್ನು ಇಂಟರ್ನೆಟ್‌ಗೆ ತಿಳಿಸುವ ಬಿಜಿಪಿ ಪ್ರಕಟಣೆಗಳನ್ನು ತಾವೇ ಹಿಂತೆಗೆದುಕೊಂಡವು. ಎಂಜಿನಿಯರ್‌ಗಳಿಗೆ ಒಳಹೊಕ್ಕು ಸರಿಪಡಿಸುವ ದಾರಿಯೂ ಅದರೊಂದಿಗೆ ಮುಚ್ಚಿತು. ಮುಖ್ಯ ಲಿಂಕ್ ಹೋದಾಗಲೂ ರೌಟರ್ ತಲುಪಲು ಬೇರೆ ದಾರಿ, ಉದಾಹರಣೆಗೆ ಒಂದು 4ಜಿ ಸಿಮ್, ಇರಬೇಕು ಎಂದು ಮೇಲಿನವರಿಗೆ ಹೇಳಲು ಹಿಂಜರಿಯಬೇಡಿ.

ಓದಿನ ಸಮಯ ಇದರ ಜೊತೆಗೇ ಬರುತ್ತದೆ. ಜಾಲದ ವಿಳಾಸಗಳನ್ನು ಭಾಗ ಮಾಡುವ ಸಬ್‌ನೆಟ್ ಲೆಕ್ಕವನ್ನು ಕಾಗದದ ಮೇಲೆ ಮಾಡಿ. /26ರಲ್ಲಿ 64 ವಿಳಾಸ, ಬಳಸಲು ಸಿಗುವುದು 62 ಎಂಬುದು ಯೋಚಿಸದೆ ಬಾಯಿಗೆ ಬರಬೇಕು. ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತ. ಲಿನಕ್ಸ್ ಬಲ್ಲವರು ಎಫ್‌ಆರ್‌ಆರ್ ಎಂಬ ರೌಟಿಂಗ್ ತಂತ್ರಾಂಶ ಹಾಕಿಕೊಂಡು, ರೌಟರ್‌ಗಳು ದಾರಿ ತಿಳಿಯಲು ಬಳಸುವ ಓಎಸ್‌ಪಿಎಫ್, ಬಿಜಿಪಿ ಎರಡನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಸಬಹುದು. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತೆರೆದು ಡಿಎಚ್‌ಸಿಪಿಯ ನಾಲ್ಕು ಸಂದೇಶಗಳನ್ನು ಕಣ್ಣಾರೆ ನೋಡಿ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಐಪಿ ವಿಳಾಸ ಹಂಚುವ ಏಪಿನಿಕ್ ಸಂಸ್ಥೆಯ ಅಕಾಡೆಮಿಯ ಉಚಿತ ಪಾಠಗಳಲ್ಲಿ ಐಪಿವಿ6 ಕಲಿಯಿರಿ. ಹಳೆಯ ಮಾದರಿಯ ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿದಿದೆ. ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಬೇಕಾದ ಪೋರ್ಟ್ ಫಾರ್ವರ್ಡಿಂಗ್ ಆಗುತ್ತಿಲ್ಲ ಎಂದು ಬರುವ ದೂರುಗಳಲ್ಲಿ ರೌಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಗ್ರಾಹಕರು, ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚುವ ಸಿಜಿನ್ಯಾಟ್ ಹಿಂದೆ ಇದ್ದಾರೆ ಎಂದು ತಿಳಿಯಿರಿ. ಇಷ್ಟು ಕೈವಶವಾದ ಮೇಲೆ ಸಿಸ್ಕೋದ ಸಿಸಿಎನ್‌ಎ ಪರೀಕ್ಷೆ ಬರೆಯಿರಿ. ಶುಲ್ಕ ಡಾಲರ್‌ನಲ್ಲಿದೆ, ಸರ್ಟಿಫಿಕೇಟ್‌ನ ಅವಧಿ ಮೂರು ವರ್ಷ; ಆದ್ದರಿಂದ ಕೆಲಸ ಹುಡುಕುವ ಹೊತ್ತಿಗೆ ಕೈಯಲ್ಲಿರುವಂತೆ ಬರೆಯುವುದು ಜಾಣತನ. ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು 'ಡಂಪ್' ಎಂದು ಮಾರುವವರ ಹತ್ತಿರ ಸುಳಿಯಬೇಡಿ.

ಆಟೊಮೇಶನ್ ಬಂದು ಕೆಲಸ ಕಿತ್ತುಕೊಳ್ಳುತ್ತದೆ ಎಂಬ ಭಯ ಎಲ್ಲೆಡೆ ಇದೆ. ಸ್ವಿಚ್‌ಗಳಿಗೆ ಒಂದೊಂದಾಗಿ ಲಾಗಿನ್ ಆಗಿ ಅದೇ ಸಾಲು ಟೈಪ್ ಮಾಡುವ ಕೆಲಸ ನಿಜಕ್ಕೂ ಕಡಿಮೆಯಾಗುತ್ತಿದೆ. ಪೈಥಾನ್ ಭಾಷೆ ಮತ್ತು ಉಪಕರಣಗಳಿಗೆ ಲಾಗಿನ್ ಆಗುವ ಅದರ ನೆಟ್‌ಮಿಕೊ ಲೈಬ್ರರಿ ಬಳಸಿ, ಪ್ರತಿ ರಾತ್ರಿ ಎಲ್ಲ ಸ್ವಿಚ್‌ಗಳ ಕಾನ್ಫಿಗರೇಶನ್ ತಂದು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಉಳಿಸುವ ಪುಟ್ಟ ಸ್ಕ್ರಿಪ್ಟ್‌ನಿಂದ ಆರಂಭಿಸಿ. ಅದು ಓದುತ್ತದೆ, ಏನನ್ನೂ ಬದಲಿಸುವುದಿಲ್ಲ, ಹಾಗಾಗಿ ಅಪಾಯ ಕಡಿಮೆ. ನಿನ್ನೆಗೂ ಇಂದಿಗೂ ಏನು ಬದಲಾಯಿತು ಎಂಬುದು ಮಾತ್ರ ಮರುದಿನ ಬೆಳಗ್ಗೆ ಕಣ್ಣೆದುರು ಇರುತ್ತದೆ.

ಮುಂದಿನ ಹೆಜ್ಜೆಗೆ ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮೊದಲು ಸಿಗುವುದು ನೆಟ್‌ವರ್ಕ್ ಆಪರೇಷನ್ಸ್ ಸೆಂಟರ್‌ನ ರಾತ್ರಿ ಪಾಳಿ ಇರಬಹುದು. ಒಪ್ಪಿಕೊಳ್ಳುವ ಮೊದಲು ಅಲ್ಲಿ ಉಪಕರಣ ಮುಟ್ಟಲು ಬಿಡುತ್ತಾರೋ, ಬರೀ ಅಲಾರ್ಮ್ ನೋಡಿ ಫೋನ್ ಮಾಡುವುದೋ ಎಂದು ಕೇಳಿ. ಕೆಲಸಕ್ಕಾಗಿ ಠೇವಣಿ ಕೇಳುವವರಿಂದ ದೂರವಿರಿ. ಸರ್ಕಾರಿ ಹುದ್ದೆಗಳ ಕಡೆ ಗಮನವಿದ್ದರೆ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಸಂದರ್ಶನಕ್ಕೆ ಹೋಗುವಾಗ ನೀವು ಬರೆದಿಟ್ಟ ವರದಿಗಳಲ್ಲಿ ಚೆನ್ನಾದ ಎರಡು ಮೂರನ್ನು, ಗ್ರಾಹಕರ ಹೆಸರು, ವಿಳಾಸ, ಪಾಸ್‌ವರ್ಡ್ ತೆಗೆದುಹಾಕಿ, ಮುದ್ರಿಸಿಕೊಂಡು ಹೋಗಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಎಂದೇ ಹೇಳಿ, ಅದನ್ನು ಕಂಡುಹಿಡಿಯಲು ಮೊದಲು ಏನನ್ನು ಅಳೆಯುತ್ತೀರಿ, ಆ ಅಂಕಿ ಹೀಗೆ ಬಂದರೆ ಮುಂದೆ ಎಲ್ಲಿ ನೋಡುತ್ತೀರಿ ಎಂದು ವಿವರಿಸಿ.