ಮರುದೈ ಮೇಲೆ ಎಂಟೆಳೆಯ ಕೊಂಗೊ ಹುರಿ

ಕುಮಿಹಿಮೊ ಎಂದರೆ ಎಳೆಗಳನ್ನು ಹೆಣೆದು ಹುರಿ ಮಾಡುವ ಜಪಾನಿ ಕಸುಬು. ಕೊಂಗೊ ಅದರಲ್ಲಿ ಒಂದು ದುಂಡು ಹೆಣಿಗೆ. ಈ ಹುರಿಗೆ ಬಿಗಿ ಬರುವುದು ತೂಕದಿಂದ. ಎಳೆಗಳನ್ನು ಕೈಯಿಂದ ಜಗ್ಗಿ ಬಿಗಿ ಮಾಡಲು ಹೋದರೆ ಹುರಿ ಒಂದೊಂದು ಕಡೆ ಒಂದೊಂದು ದಪ್ಪವಾಗುತ್ತದೆ.

ಮರುದೈ ಎಂದರೆ ಕಾಲುಗಳ ಮೇಲೆ ನಿಂತ ಮರದ ದುಂಡು ಪೀಠ. ಮೇಲಿನ ಬಿಲ್ಲೆಗೆ ಕಗಾಮಿ ಎನ್ನುತ್ತಾರೆ. ಹೆಣೆದ ಹುರಿ ಅದರ ನಡುವಿನ ತೂತಿನಿಂದ ಕೆಳಗಿಳಿಯುತ್ತದೆ. ಅಂಚಿನಲ್ಲಿ ಸಣ್ಣ ಸಿಬಿರು ಎದ್ದಿದ್ದರೂ ರೇಷ್ಮೆ ಹರಿಯುತ್ತದೆ, ಮೊದಲೇ ಸವರಿ ನೋಡಿ. ಎಳೆ ಸುತ್ತುವ, ಒಳಗೆ ಸೀಸ ತುಂಬಿದ ಮರದ ಉರುಳೆಗಳೇ ತಮಾ. 70 ಗ್ರಾಂನ ಎಂಟು ತಮಾ ಸೇರಿ 560 ಗ್ರಾಂ. ಹುರಿಯ ತುದಿಗೆ ತೂಗುಬಿಡುವ ಎದುರುತೂಕ ಅದರ ಅರ್ಧದ ಆಸುಪಾಸು, 250ರಿಂದ 280 ಗ್ರಾಂ ಇರಲಿ. ಅದು ಹೆಚ್ಚಿದಷ್ಟೂ ಹುರಿ ಸಡಿಲ, ಮೆತ್ತಗೆ. ಇಳಿದಷ್ಟೂ ಗಟ್ಟಿ, ಗಿಡ್ಡ. ಜಪಾನಿನಲ್ಲಿ 1876ರಲ್ಲಿ ಕತ್ತಿ ಧರಿಸುವುದಕ್ಕೆ ನಿಷೇಧ ಬಿದ್ದ ಮೇಲೆ, ಕತ್ತಿಯ ಹುರಿ ಹೆಣೆಯುತ್ತಿದ್ದ ಕಸುಬು ಕಿಮೊನೊದ ನಡುಪಟ್ಟಿಯ ಮೇಲೆ ಕಟ್ಟುವ ಹುರಿಯಾದ ಒಬಿಜಿಮೆಯತ್ತ ಹೊರಳಿತು. ಒಬಿಜಿಮೆ ಗಂಟು ಹಿಡಿದು ನಿಲ್ಲಬೇಕು, ಮೈಗೆ ಒತ್ತಲೂಬಾರದು. ಈ ತೂಕದ ಲೆಕ್ಕ ಅಲ್ಲಿ ಬಹಳ ಮುಖ್ಯ.

50 ಸೆಂ.ಮೀ. ಹುರಿಗೆ ಎಂಟು ಎಳೆಗಳನ್ನು ತಲಾ 1 ಮೀಟರ್ ಕತ್ತರಿಸಿ, ತುದಿ ಸೇರಿಸಿ ಗಂಟು ಹಾಕಿ. ಗಂಟನ್ನು ತೂತಿನಲ್ಲಿ ಇಳಿಸಿ, ಮೇಲೆ ಜಾರದಂತೆ ಕೆಳಗಿನಿಂದ ಒಂದು ಕಡ್ಡಿ ತೂರಿಸಿಡಿ. ತಮಾಗಳಿಗೆ ಎಳೆ ಸುತ್ತಿ ಜಾರುಕುಣಿಕೆ ಹಾಕಿ. ಎಲ್ಲವೂ ಒಂದೇ ಎತ್ತರದಲ್ಲಿ ತೂಗಲಿ. ಆಮೇಲೆ ಎದುರುತೂಕ ಕಟ್ಟಿ ಕಡ್ಡಿ ತೆಗೆಯಿರಿ.

ನೀವು ಕೂತ ಕಡೆ ದಕ್ಷಿಣ. ನಾಲ್ಕೂ ದಿಕ್ಕಿಗೆ ಎರಡೆರಡು ಎಳೆ. ಉತ್ತರ-ದಕ್ಷಿಣಕ್ಕೆ ಒಂದು ಬಣ್ಣ, ಪೂರ್ವ-ಪಶ್ಚಿಮಕ್ಕೆ ಇನ್ನೊಂದು.

1. ಎಡಗೈಯಲ್ಲಿ ದಕ್ಷಿಣದ ಎಡ ಎಳೆ, ಬಲಗೈಯಲ್ಲಿ ಉತ್ತರದ ಬಲ ಎಳೆ ಹಿಡಿದು ಒಟ್ಟಿಗೇ ಸರಿಸಿ. ಮೊದಲನೆಯದು ಉತ್ತರದ ಎಡತುದಿಗೆ, ಎರಡನೆಯದು ದಕ್ಷಿಣದ ಬಲತುದಿಗೆ.
2. ಪಶ್ಚಿಮದ ಮೇಲಿನ (ಉತ್ತರದ ಕಡೆಯ) ಎಳೆ ಪೂರ್ವದ ಮೇಲುತುದಿಗೆ, ಪೂರ್ವದ ಕೆಳಗಿನ (ದಕ್ಷಿಣದ ಕಡೆಯ) ಎಳೆ ಪಶ್ಚಿಮದ ಕೆಳತುದಿಗೆ.

ಎಲ್ಲ ಚಲನೆಯೂ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ. ಇವೆರಡನ್ನೇ ಮತ್ತೆ ಮತ್ತೆ ಮಾಡುತ್ತಾ ಹೋಗಿ. ಒಂದು ಬಣ್ಣದ ಎಳೆ ಇನ್ನೊಂದರ ದಿಕ್ಕಿನಲ್ಲಿ ಕಂಡರೆ ತಪ್ಪಿದೆ ಎಂದರ್ಥ. ಅಲ್ಲೇ ಹಿಂದಕ್ಕೆ ಬಿಚ್ಚಿ. ಹೆಣಿಗೆಯ ತುದಿ ತೂತಿನ ನಡುವಿನಿಂದ ಒಂದು ಬದಿಗೆ ವಾಲಿದರೆ ಆ ಬದಿಯ ತಮಾ ಭಾರವಾಗಿದೆ ಅಥವಾ ಎದುರು ಬದಿಯ ಎಳೆ ಎಲ್ಲೋ ಸಿಕ್ಕಿಕೊಂಡಿದೆ. ಎದ್ದು ಹೋಗಿ ಬಂದಾಗ ಎಲ್ಲಿಗೆ ನಿಲ್ಲಿಸಿದ್ದಿರಿ ಎಂದು ಮರೆತರೆ ಹೆಣಿಗೆಯ ತುದಿ ನೋಡಿ: ಎಲ್ಲಕ್ಕಿಂತ ಮೇಲೆ ಮಲಗಿರುವ ಜೋಡಿಯೇ ಕೊನೆಗೆ ಸರಿದದ್ದು.

ಮುಗಿದಾಗ ತಮಾ ಬಿಚ್ಚುವ ಮುಂಚೆಯೇ ಹುರಿಯ ತುದಿಗೆ ದಾರ ಬಿಗಿದು ಕಟ್ಟಿ.