ಕೋಳಿ ನೀರಿಗೆ ಹುಳಿ ಬೆರೆಸಿದ್ದು: ನನ್ನ ಅನುಭವ

ಹೆಸರಘಟ್ಟದ ಕಡೆ ನನ್ನದೊಂದು ಚಿಕ್ಕ ಶೆಡ್ ಇದೆ. ಸಾಕೋದು ಗಿರಿರಾಜ, ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಳಿ. ಗಟ್ಟಿ ಹಕ್ಕಿ. ಆದರೂ ಮರಿ ಬಂದ ಮೊದಲ ವಾರ ನೀರಿಗೆ ಆಂಟಿಬಯೋಟಿಕ್ ಹಾಕೋದು ರೂಢಿಯಾಗಿಬಿಟ್ಟಿತ್ತು. ಕಾಯಿಲೆ ಇರಲಿ ಬಿಡಲಿ, ಭಯಕ್ಕೆ ಹಾಕುತ್ತಿದ್ದೆ. 2019ರಲ್ಲಿ ಕೋಳಿ, ದನಗಳಿಗೆ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಕೊಡಬಾರದು ಅಂತ ಸರ್ಕಾರ ನಿಷೇಧಿಸಿತು. ಬೇರೆ ಯಾವ ಔಷಧಿಯೂ ನಾಟದಾಗ ಮನುಷ್ಯರಿಗೆ ಕೊಡೋ ಔಷಧಿ ಅದು. ಅಂಥದ್ದನ್ನು ಡ್ರಮ್ಮಿಗೆ ಸುರಿಯೋದು ತಪ್ಪಲ್ವಾ?

ಅದರ ಬದಲು ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ನೀರನ್ನೇ ಹುಳಿ ಮಾಡೋಣ ಅನ್ನಿಸಿತು. ಮೊದಲು ಹುಣಸೆಹಣ್ಣು ಕಿವುಚಿ ರಸ ಹಾಕಿದೆ. ಕೆಟ್ಟಿತು. ರಸದಲ್ಲಿ ಹುಳಿಯ ಜೊತೆ ಸಕ್ಕರೆ, ನಾರೂ ಇರುತ್ತೆ. ನಾಲ್ಕೇ ದಿನಕ್ಕೆ ಪೈಪಿನೊಳಗೆ ಲೋಳೆ, ಮರಿಗಳು ಕುಟುಕಿ ನೀರು ಕುಡಿಯೋ ನಿಪ್ಪಲ್‌ಗಳಲ್ಲಿ ಅರ್ಧದಷ್ಟರಲ್ಲಿ ನೀರೇ ಇಲ್ಲ. ಆಮೇಲೆ ನಿಂಬೆ ಉಪ್ಪು ಹಿಡಿದೆ, ಅಂದ್ರೆ ಸಿಟ್ರಿಕ್ ಆಸಿಡ್ ಪುಡಿ.

500 ಲೀಟರ್ ಟ್ಯಾಂಕಿಗೆ 100 ಗ್ರಾಂ ಹಾಕಿ ಪಿಎಚ್ ಪೇಪರ್ (ನೀರಿನ ಹುಳಿ ಅಳೆಯೋ ಕಾಗದ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಅದ್ದಿದೆ. ಹಸಿರಿದ್ದದ್ದು ಹಳದಿಗೆ ತಿರುಗಿತು, ಅಷ್ಟೇ. ಸುಮಾರು 6.5. ನಮ್ಮ ಬೋರ್‌ವೆಲ್ ನೀರು ಗಡಸು, ಅದರಲ್ಲಿರೋ ಬೈಕಾರ್ಬೊನೇಟ್ ಮೊದಲು ಹುಳಿಯನ್ನು ನುಂಗಿಬಿಡುತ್ತೆ. 400 ಗ್ರಾಂ ಆದ ಮೇಲೇ ಪೇಪರ್ ಕಿತ್ತಳೆ ಬಣ್ಣಕ್ಕೆ ಬಂತು, 4.5ರ ಹತ್ತಿರ. ಅಷ್ಟು ಹುಳಿಯಲ್ಲಿ ಇ. ಕೊಲೈ, ಸಾಲ್ಮೊನೆಲ್ಲಾದಂಥ ರೋಗ ತರೋ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯೋದಿಲ್ಲ. ಹೊಟ್ಟೆಯ ಒಳ್ಳೇ ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್ ತಡೆದುಕೊಳ್ಳುತ್ತೆ. ನನ್ನ ಅಳತೆ ನಿಮ್ಮ ನೀರಿಗೆ ಹೊಂದಲ್ಲ, ಮಳೆನೀರಾದರೆ ಇದರ ಕಾಲು ಭಾಗವೂ ಬೇಡ. ಒಂದು ಬಕೆಟ್ಟಿನಲ್ಲಿ ಅಳೆದು ನೋಡಿಯೇ ಟ್ಯಾಂಕಿಗೆ ಹಾಕಿ.

ಒಮ್ಮೆ ಜಾಸ್ತಿಯಾಗಿ ಪಿಎಚ್ 4ಕ್ಕಿಂತ ಕೆಳಗೆ ಹೋಯಿತು. ಮರಿಗಳು ನಿಪ್ಪಲ್ ಕುಟುಕಿ, ತಲೆ ಕೊಡವಿ ಹಿಂದೆ ಸರಿದವು. ಸಂಜೆ ಟ್ಯಾಂಕಿನಲ್ಲಿ ನೀರು ಇಳಿದೇ ಇರಲಿಲ್ಲ. ನೀರು ಕುಡಿಯದ ಮರಿ ಮೇವನ್ನೂ ಮುಟ್ಟಲ್ಲ. ನಿಜವಾಗ್ಲೂ ಹೊಟ್ಟೆ ಉರಿಯಿತು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ನಿಂಬೆ ಉಪ್ಪು ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಬಕೆಟ್ಟಿಗೆ ಹಾಕಬೇಡಿ, ವಿಷದ ಗಾಳಿ ಏಳುತ್ತೆ. ಲಸೋಟಾ ಅಂದ್ರೆ ಕೋಳಿಗಳ ರಾಣಿಖೇತ್ ರೋಗದ ಜೀವಂತ ಲಸಿಕೆ, ಇವೆರಡೂ ಅದನ್ನು ಕೆಡಿಸುತ್ತವೆ; ಅದನ್ನು ನೀರಿನಲ್ಲಿ ಕೊಡೋ ಎರಡು ದಿನ ಮುಂಚೆಯೇ ನಾನು ಎರಡನ್ನೂ ನಿಲ್ಲಿಸಿ ಲೈನ್ ತೊಳೆಯುತ್ತೇನೆ. ಕಬ್ಬಿಣದ ಪೈಪನ್ನು ಹುಳಿ ತಿನ್ನುತ್ತೆ, ಪ್ಲಾಸ್ಟಿಕ್ ವಾಸಿ.

ಮೊದಲ ವಾರದ ಆಂಟಿಬಯೋಟಿಕ್ ಈಗ ನನ್ನ ಶೆಡ್ಡಿನಲ್ಲಿ ಇಲ್ಲ. ಆದ್ರೆ ಹುಳಿ ನೀರು ಔಷಧಿಯಲ್ಲ. ಹಿಂದಿನ ಬ್ಯಾಚಿನಲ್ಲಿ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆ ರಕ್ತದ ಹಿಕ್ಕೆ ಕಂಡಿತು. ಅವತ್ತೇ ಡಾಕ್ಟರನ್ನು ಕರೆಸಿದೆ. ಕಾಕ್ಸಿಡಿಯೋಸಿಸ್, ಅಂದ್ರೆ ಕರುಳಿನ ಪರಾವಲಂಬಿ ಜೀವಿಯಿಂದ ಬರೋ ರೋಗ ಅಂದರು. ಅವರು ಬರೆದುಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನವೂ ಕೊಟ್ಟೆ, ಒದ್ದೆ ಹೊಟ್ಟನ್ನೆಲ್ಲ ಬಾಚಿ ಹೊರಗೆ ಹಾಕಿದೆ.